ಬಿಲ ಮೊದಲು, ಸಿಗಡಿ ಆಮೇಲೆ: ಉಪ್ಪುನೀರಿನ ಅಕ್ವೇರಿಯಂನಲ್ಲಿ ಪಿಸ್ಟಲ್ ಸಿಗಡಿಯನ್ನು ಸಾಕುವ ಕ್ರಮ

ಪಿಸ್ಟಲ್ ಸಿಗಡಿಯನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಅದು ದೊಡ್ಡ ಚಿಮುಟದಿಂದ ಹೊರಡಿಸುವ ಚಿಟಿಕೆಯಂಥ ಸದ್ದಿಗೆ ಮರುಳಾಗಿ ಕೊಳ್ಳುತ್ತಾರೆ. ಮನೆಗೆ ತಂದು ತೊಟ್ಟಿಗೆ ಬಿಟ್ಟ ಮರುಗಳಿಗೆಯಲ್ಲೇ ಅದು ಬಂಡೆಯ ಸಂದಿಗೆ ನುಸುಳಿ ಮಾಯವಾಗುತ್ತದೆ. ಆಮೇಲೆ ವಾರಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ. ಬದುಕಿದೆಯೋ ಸತ್ತಿದೆಯೋ ತಿಳಿಯದೆ ಒಡೆಯನು ಒಂದು ದಿನ ಬಂಡೆಗಳನ್ನೆಲ್ಲ ಎತ್ತಿ ಹುಡುಕುತ್ತಾನೆ, ಅಷ್ಟು ದಿನ ಅದು ಕಟ್ಟಿಕೊಂಡಿದ್ದ ಸುರಂಗವೆಲ್ಲ ಕುಸಿಯುತ್ತದೆ. ಇದು ಬಿಲದಲ್ಲೇ ಹುಟ್ಟಿ ಬೆಳೆಯುವ ಸ್ವಭಾವದ ಪ್ರಾಣಿಯಲ್ಲದಿದ್ದರೂ ದೊಡ್ಡದಾದ ಮೇಲೆ ಅದರ ಇಡೀ ಬದುಕು ಬಿಲದೊಳಗೇ ನಡೆಯುವುದರಿಂದ, ನಾವು ಸಾಕಬೇಕಾದದ್ದು ಸಿಗಡಿಯನ್ನು ಎನ್ನುವುದಕ್ಕಿಂತ ಅದರ ಬಿಲವನ್ನು ಎಂದು ತಿಳಿದು ಹೊರಟರೆ ಮುಂದಿನ ಕೆಲಸಗಳೆಲ್ಲ ತಾವಾಗಿಯೇ ಸರಿಯಾದ ಕ್ರಮಕ್ಕೆ ಬರುತ್ತವೆ.

ಆಲ್ಫಿಯಿಡೇ ಎಂಬ ಈ ಕುಟುಂಬದಲ್ಲಿ ನೂರಾರು ಜಾತಿಗಳಿವೆ. ನಮ್ಮ ಕರಾವಳಿಯ ಬಂಡೆಗಳ ಸಂದಿಯಲ್ಲೂ ಇವುಗಳ ಬಂಧುಗಳಿವೆ. ಆದರೆ ಎಲ್ಲವೂ ಗೋಬಿ ಎಂಬ ಮೀನಿನೊಡನೆ ಒಂದೇ ಬಿಲದಲ್ಲಿ ಕೂಡಿ ಬಾಳುವಂಥವಲ್ಲ. ಮೊದಲ ಬಾರಿ ಸಾಕುವವರಿಗೆ ನಾನು ಹೇಳುವುದು ಟೈಗರ್ ಪಿಸ್ಟಲ್ ಎಂದು ಅಂಗಡಿಯವರು ಕರೆಯುವ ಆಲ್ಫಿಯಸ್ ಬೆಲ್ಲುಲಸ್ ಜಾತಿಯನ್ನು. ಮಾಸಲು ಬಿಳಿ ಮೈಮೇಲೆ ಕಂದು ಪಟ್ಟೆಗಳಿರುವ, ನಾಲ್ಕೈದು ಸೆಂ.ಮೀ. ಉದ್ದ ಬೆಳೆಯುವ ಗಟ್ಟಿಮುಟ್ಟಾದ ಪ್ರಾಣಿ ಇದು. ಕೆಂಪು ಬಿಳಿ ಪಟ್ಟೆಯ ಆಲ್ಫಿಯಸ್ ರ‍್ಯಾಂಡಲ್ಲಿ ಇದಕ್ಕಿಂತ ಚಿಕ್ಕದು, ನೋಡಲು ಇನ್ನೂ ಚೆಂದ, ಆದರೆ ಇನ್ನೂ ಸಂಕೋಚದ್ದು. ಟೈಗರ್ ಪಿಸ್ಟಲಿಗೆ ಜೊತೆಯಾಗಿ ಹಳದಿ ವಾಚ್‌ಮ್ಯಾನ್ ಗೋಬಿ, ಅಂದರೆ ಕ್ರಿಪ್ಟೊಸೆಂಟ್ರಸ್ ಸಿಂಕ್ಟಸ್ ಎಂಬ ಮೀನನ್ನು ತನ್ನಿ. ಗೋಬಿಯಿಲ್ಲದೆಯೂ ಸಿಗಡಿ ಬದುಕುತ್ತದೆ, ಆದರೆ ಗೋಬಿಯಿದ್ದರೆ ಮಾತ್ರ ಅದು ಹಗಲಿನಲ್ಲಿ ಧೈರ್ಯವಾಗಿ ಹೊರಗೆ ಬರುತ್ತದೆ.

ಸದ್ದಿನ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಇದರ ಎರಡು ಚಿಮುಟಗಳಲ್ಲಿ ಒಂದು ಮೈಗೆ ಮೀರಿದಷ್ಟು ದೊಡ್ಡದು. ಅದನ್ನು ತೆರೆದು ಫಟ್ಟನೆ ಮುಚ್ಚಿದಾಗ ನೀರಿನ ಸಣ್ಣ ಧಾರೆಯೊಂದು ಸೆಕೆಂಡಿಗೆ ಸುಮಾರು 25 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಆ ವೇಗಕ್ಕೆ ನೀರಿನ ಒತ್ತಡ ಇಳಿದು ಗುಳ್ಳೆಯೊಂದು ಹುಟ್ಟುತ್ತದೆ, ಗುಳ್ಳೆ ಕುಸಿದಾಗ ಸದ್ದಾಗುತ್ತದೆ. ಚಿಮುಟದ ತುದಿಗಳು ಒಂದಕ್ಕೊಂದು ಬಡಿದು ಸದ್ದಾಗುತ್ತದೆಂದು ಬಹಳ ಕಾಲ ನಂಬಲಾಗಿತ್ತು. ಗುಳ್ಳೆಯೇ ಕಾರಣವೆಂದು 2000ದಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಜರ್ಮನಿಯ ವಿಜ್ಞಾನಿಗಳು ತೋರಿಸಿಕೊಟ್ಟರು. ಕುಸಿಯುವ ಗುಳ್ಳೆಯಿಂದ ಕ್ಷಣಮಾತ್ರದ ಬೆಳಕೂ ಹೊರಡುತ್ತದೆಂದು ಮರುವರ್ಷ ತಿಳಿಯಿತು. ಮನೆಯಲ್ಲಿ ಕೇಳುವಾಗ ಇದು ಯಾರೋ ಪಕ್ಕದಲ್ಲಿ ನಿಂತು ಬಲವಾಗಿ ಚಿಟಿಕೆ ಹೊಡೆದಂತಿರುತ್ತದೆ. ಅಕ್ವೇರಿಯಂ ಗಾಜು ಇದರಿಂದ ಬಿರುಕು ಬಿಡುವುದಿಲ್ಲ, ಮಧ್ಯರಾತ್ರಿ ಆ ಸದ್ದಿಗೆ ಎದ್ದು ದೀಪ ಹಾಕಿ ಗಾಜಿನ ಮೂಲೆಗಳನ್ನು ತಡವುವುದು ಬೇಕಿಲ್ಲ.

ತೊಟ್ಟಿ, ಬಂಡೆ ಮತ್ತು ಮರಳು

ಈ ಜೋಡಿಗೆ ಮೂರು ಅಡಿಯ ತೊಟ್ಟಿ ಸಾಕು. 90 ಸೆಂ.ಮೀ. ಉದ್ದ, 40 ಅಗಲ, 40 ಎತ್ತರದ ತೊಟ್ಟಿಯಲ್ಲಿ ಮರಳು ಬಂಡೆಗಳ ಜಾಗ ಕಳೆದು ಸುಮಾರು 110 ಲೀಟರ್ ನೀರು ನಿಲ್ಲುತ್ತದೆ. ಎಲ್ಲ ಸೇರಿ 200 ಕೆ.ಜಿ.ಯಷ್ಟು ತೂಕವಾಗುವುದರಿಂದ ಮೇಜಿನ ಮೇಲೋ ಟಿ.ವಿ. ಕಪಾಟಿನ ಮೇಲೋ ಇಡದೆ, ಮಟ್ಟಸವಾದ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿಕೊಳ್ಳಿ. ಗೋಬಿ ಬೆದರಿದಾಗ ನೀರಿನಿಂದ ಹೊರಗೆ ಜಿಗಿಯುವ ಮೀನು. ಆದ್ದರಿಂದ ತೊಟ್ಟಿಯ ಬಾಯಿಗೆ ಸಂದಿಲ್ಲದಂತೆ ಬಲೆಯ ಮುಚ್ಚಳ ಬೇಕೇ ಬೇಕು.

ಬಂಡೆಗಳನ್ನು ಮರಳಿನ ಮೇಲೆ ಇಡಬಾರದು, ತೊಟ್ಟಿಯ ತಳದ ಮೇಲೇ ಇಡಬೇಕು. ಈ ಲೇಖನದಲ್ಲಿ ಒಂದೇ ಮಾತು ನೆನಪಿನಲ್ಲಿ ಉಳಿಯುವುದಾದರೆ ಇದು ಉಳಿಯಲಿ. ನನ್ನ ಮೊದಲ ತೊಟ್ಟಿಯಲ್ಲಿ ನಾನು ಮರಳು ಹರಡಿ, ಅದರ ಮೇಲೆ ಬಂಡೆಗಳನ್ನು ಅಂದವಾಗಿ ಜೋಡಿಸಿದ್ದೆ. ಸಿಗಡಿ ಬಂದ ಎರಡನೆಯ ವಾರ, ರಾತ್ರಿಯಿಡೀ ಬುಡದ ಮರಳನ್ನು ಬಗೆದು ಬಗೆದು ಅದು ನಾಲ್ಕು ಕೆ.ಜಿ.ಯ ಬಂಡೆಯೊಂದನ್ನು ಕೂರಿಸಿದ್ದ ಜಾಗದಿಂದ ಜಾರಿಸಿತು. ಬೆಳಿಗ್ಗೆ ನೋಡಿದಾಗ ಸಿಗಡಿ ಹೊಸ ಜಾಗದಲ್ಲಿ ಅಗೆಯುತ್ತಿತ್ತು, ಗೋಬಿ ಬಂಡೆಯಡಿ ಸಿಕ್ಕಿ ಸತ್ತಿತ್ತು. ಆ ಹಳದಿ ಮೀನನ್ನು ನಾನು ಇಂದಿಗೂ ಮರೆತಿಲ್ಲ. ಈಗ ನಾನು ಮಾಡುವ ಕ್ರಮವೆಂದರೆ, ಎರಡಂಗುಲ ಎತ್ತರದ ಪಿವಿಸಿ ಪೈಪಿನ ತುಂಡುಗಳನ್ನು ತಳದಲ್ಲಿ ಕಾಲುಗಳಂತೆ ನಿಲ್ಲಿಸಿ, ಅವುಗಳ ಮೇಲೆ ಮುಖ್ಯ ಬಂಡೆಗಳನ್ನು ಕೂರಿಸಿ, ಬಂಡೆಗೆ ಬಂಡೆಯನ್ನು ಅಕ್ವೇರಿಯಂ ಎಪಾಕ್ಸಿಯಿಂದ ಅಂಟಿಸಿ, ಕೈಯಿಂದ ಅಲುಗಿಸಿ ನೋಡಿ, ಕದಲುವುದಿಲ್ಲವೆಂದು ಖಾತ್ರಿಯಾದ ಮೇಲೆಯೇ ಸುತ್ತ ಮರಳು ಸುರಿಯುವುದು. ಹೀಗೆ ಮಾಡಿದರೆ ಸಿಗಡಿ ಎಷ್ಟು ಅಗೆದರೂ ಬಂಡೆಯ ಭಾರ ಮರಳಿನ ಮೇಲಿರುವುದಿಲ್ಲ.

ಬಂಡೆ ಯಾವುದೆಂಬುದರಲ್ಲಿ ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಶಿಷ್ಟದಲ್ಲಿ ಗಟ್ಟಿ ಹವಳಗಳೆಲ್ಲ ಸೇರಿರುವುದರಿಂದ, ನಮ್ಮ ಕಡಲಿನ ಹವಳದ ಬಂಡೆಯನ್ನು ಕಿತ್ತು ಮಾರುವುದೂ ಕೊಳ್ಳುವುದೂ ಅಪರಾಧ. ಯಾರಾದರೂ ಗುಟ್ಟಾಗಿ ಲೈವ್ ರಾಕ್, ಅಂದರೆ ಜೀವಿಗಳು ನೆಲೆಸಿರುವ ಇಂಥ ಕಡಲ ಬಂಡೆ, ತೋರಿಸಿದರೆ ಬೇಡವೆನ್ನಿ. ಸೆರಾಮಿಕ್ ಅಥವಾ ಸಿಮೆಂಟಿನಲ್ಲಿ ಮಾಡಿದ ಕೃತಕ ಬಂಡೆಗಳು ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಸಿಮೆಂಟಿನವನ್ನು ಮಾತ್ರ ಹಲವು ವಾರ ನೀರು ಬದಲಿಸುತ್ತ ನೆನೆಹಾಕಿ, ನೀರಿನ ಪಿಎಚ್ ಏರುವುದು ನಿಂತ ಮೇಲೆ ಬಳಸಬೇಕು.

ಇನ್ನು ಮರಳು. ನುಣುಪಾದ ಒಂದೇ ಗಾತ್ರದ ಮರಳಿನಲ್ಲಿ ಸುರಂಗ ನಿಲ್ಲುವುದಿಲ್ಲ, ಅಗೆದಷ್ಟೂ ಕುಸಿಯುತ್ತದೆ. ಬರೀ ದಪ್ಪ ಕಾಳಿನದಾದರೆ ಸಂದು ಬಿದ್ದು ಗೋಡೆ ಕೂಡುವುದಿಲ್ಲ. ಗಾರೆ ಕೆಲಸದವರು ಮರಳಿಗೆ ಜಲ್ಲಿ ಬೆರೆಸುವಂತೆ ಇಲ್ಲೂ ಬೆರೆಸಬೇಕು: ಮೂರು ಪಾಲು ಸಣ್ಣ ಅರಗೊನೈಟ್ ಎಂಬ ಸುಣ್ಣದಂಶದ ಮರಳು, ಒಂದು ಪಾಲು ಕಡಲೆಕಾಳಿನಿಂದ ಅಡಿಕೆಯವರೆಗಿನ ಗಾತ್ರದ ಚೂರುಗಳು. ಈ ಚೂರುಗಳಿಗೆ ನಾನು ಕಂಡುಕೊಂಡ ಒಳ್ಳೆಯ ವಸ್ತು ಮರುವಾಯಿಯ ಚಿಪ್ಪು. ಕರಾವಳಿಯಲ್ಲಿ ಮರುವಾಯಿ ಸುಕ್ಕ ಮಾಡಿ ಉಂಡ ಮೇಲೆ ಉಳಿಯುವ ಚಿಪ್ಪುಗಳನ್ನು, ಉಪ್ಪು ಮಸಾಲೆ ಹಾಕದ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ತಿಕ್ಕಿ ತೊಳೆದು, ವಾರವಿಡೀ ಬಿಸಿಲಿಗೆ ಒಣಗಿಸಿ, ಗೋಣಿಯಲ್ಲಿ ಸುತ್ತಿ ಕುಟ್ಟಿದರೆ ಚೂರುಗಳು ಸಿದ್ಧ. ಕೆಲವನ್ನು ಇಡಿಯಾಗಿಯೂ ಉಳಿಸಿ, ಸಿಗಡಿ ಅವನ್ನು ಬಾಗಿಲಿನ ಮಾಡಿನಂತೆ ಬಿಲದ ಬಾಯಿಗೆ ಎಳೆದುಕೊಂಡು ಹೋಗಿ ಇಡುತ್ತದೆ. ಸಮುದ್ರ ದಂಡೆಯ ಮರಳನ್ನು ತುಂಬಿ ತರಬೇಡಿ, ಅದರಲ್ಲಿ ಏನೇನು ಕೊಳೆ ಸೇರಿದೆಯೆಂದು ಬರಿಗಣ್ಣಿಗೆ ಕಾಣುವುದಿಲ್ಲ. ಮರಳಿನ ಆಳ ಎಂಟು ಸೆಂ.ಮೀ.ಗಿಂತ ಕಡಿಮೆಯಾಗದಿರಲಿ. ಈ ಅಳತೆಯ ತೊಟ್ಟಿಗೆ ಅದು 40 ಕೆ.ಜಿ.ಯಷ್ಟಾಗುತ್ತದೆ.

ನೀರು ಹದವಾಗುವವರೆಗೆ

ಬೋರ್‌ವೆಲ್ ನೀರಾಗಲಿ ನಲ್ಲಿ ನೀರಾಗಲಿ ನೇರವಾಗಿ ಆಗದು. ಆರ್‌ಓ ಯಂತ್ರದಿಂದ ಬಂದು, ಉಳಿದ ಲವಣಗಳನ್ನು ಹಿಡಿದಿಡುವ ಡಿಐ ರಾಳದಲ್ಲಿ ಸೋಸಿದ ನೀರನ್ನೇ ಬಳಸಿ. ಲೀಟರಿಗೆ ಸುಮಾರು 35 ಗ್ರಾಂ ಸಮುದ್ರ ಲವಣದ ಪುಡಿಯಂತೆ, ಅಂದರೆ ಮೊದಲ ಸಲಕ್ಕೆ ಸುಮಾರು ನಾಲ್ಕು ಕೆ.ಜಿ.ಯನ್ನು ಬೇರೆ ಡ್ರಮ್ಮಿನಲ್ಲಿ ಕಲಸಿ, ಪಂಪು ಓಡಿಸಿ ಒಂದು ದಿನ ಬಿಡಿ. ಅಡುಗೆಯ ಉಪ್ಪು ಇದಕ್ಕೆ ಬದಲಿಯಲ್ಲ. ಸಾಂದ್ರತೆ 1.025, ಉಷ್ಣತೆ 24ರಿಂದ 26 ಡಿಗ್ರಿ, ಪಿಎಚ್ 8.1ರಿಂದ 8.4 ಇರಬೇಕು. ಸಾಂದ್ರತೆಯನ್ನು ನೀರಿನ ಉಪ್ಪಿನಂಶ ತೋರಿಸುವ ರಿಫ್ರ್ಯಾಕ್ಟೊಮೀಟರಿನಿಂದ ಅಳೆಯಿರಿ.

ಆಮೇಲೆ ಕಾಯುವ ಕೆಲಸ. ಚಿಟಿಕೆಯಷ್ಟು ಸಿಗಡಿ ಮಾಂಸವನ್ನು ಕೊಳೆಯಲು ಬಿಟ್ಟರೆ ಅಮೋನಿಯಾ ಹುಟ್ಟುತ್ತದೆ. ಅದನ್ನು ನೈಟ್ರೈಟ್ ಆಗಿ, ಅದನ್ನು ಮತ್ತೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಬಂಡೆ ಮರಳುಗಳಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಶೂನ್ಯಕ್ಕೆ ಬಂದು ನಿಂತ ಮೇಲೂ ನಾನು ಇನ್ನೊಂದು ತಿಂಗಳು ಕಾಯುತ್ತೇನೆ. ಹೊಸ ತೊಟ್ಟಿಯ ನೀರು ಏರಿಳಿಯುತ್ತಲೇ ಇರುತ್ತದೆ, ಮೀನು ತಡೆದುಕೊಳ್ಳುವ ಏರಿಳಿತವನ್ನು ಸಿಗಡಿ ತಡೆದುಕೊಳ್ಳುವುದಿಲ್ಲ.

ಬೇಸಿಗೆಯಲ್ಲಿ ಕರಾವಳಿಯ ಮನೆಗಳಲ್ಲಿ ತೊಟ್ಟಿಯ ನೀರು 30 ಡಿಗ್ರಿ ದಾಟುತ್ತದೆ, ಅಲ್ಲಿ ನೀರು ತಂಪಾಗಿಸುವ ಚಿಲ್ಲರ್ ಯಂತ್ರವಿಲ್ಲದೆ ಈ ಹವ್ಯಾಸಕ್ಕೆ ಇಳಿಯಬಾರದು. ಬೆಂಗಳೂರು, ಮೈಸೂರಿನಲ್ಲಿ ನೀರಿನ ಮೇಲೆ ಗಾಳಿ ಬೀಸುವ ಸಣ್ಣ ಫ್ಯಾನುಗಳಿಂದ ಎರಡು ಮೂರು ಡಿಗ್ರಿ ಇಳಿಸಬಹುದು. ಆದರೆ ಹಾಗೆ ಮಾಡಿದಾಗ ದಿನಕ್ಕೆ ಒಂದು ಲೀಟರಿಗೂ ಮೇಲೆ ನೀರು ಆವಿಯಾಗುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಆರಿದ ನೀರಿನ ಬದಲಿಗೆ ಸಿಹಿನೀರನ್ನೇ, ಅಂದರೆ ಆರ್‌ಓ ನೀರನ್ನೇ, ದಿನವೂ ತುಂಬಬೇಕು. ಕರೆಂಟು ಹೋದಾಗ ತಾನೇ ಶುರುವಾಗುವ ಬ್ಯಾಟರಿಯ ಏರ್ ಪಂಪು ಒಂದಿರಲಿ.

ಒಳಗೆ ಬಿಡುವ ದಿನ

ಸಿಗಡಿಗೆ ಉಪ್ಪಿನಂಶದ ದಿಢೀರ್ ಬದಲಾವಣೆ ಆಗದು. ಚೀಲದ ನೀರಿನೊಡನೆ ಅದನ್ನು ಡಬ್ಬಕ್ಕೆ ಸುರಿದು, ಸಣ್ಣ ಕೊಳವೆಯಿಂದ ತೊಟ್ಟಿಯ ನೀರು ಸೆಕೆಂಡಿಗೆ ಎರಡು ಮೂರು ಹನಿಯಂತೆ ಬೀಳುವಂತೆ ಮಾಡಿ, ಒಂದೂವರೆ ಗಂಟೆಯಲ್ಲಿ ನೀರು ಮೂರು ಪಟ್ಟಾಗುವವರೆಗೆ ಬಿಡಿ. ಬಲೆಯಲ್ಲಿ ಹಿಡಿಯಬೇಡಿ, ಕಾಲುಗಳು ಸಿಕ್ಕಿ ಮುರಿಯುತ್ತವೆ. ಲೋಟದಲ್ಲಿ ಎತ್ತಿ.

ಎಲ್ಲಿ ಬಿಡುತ್ತೀರೆಂಬುದು ಮುಂದೆ ನೀವು ಅದನ್ನು ನೋಡುವಿರೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಮುಂದಿನ ಗಾಜಿಗೆ ಹತ್ತಿರವಾಗಿ, ಮರಳಿನ ಮೇಲೆ ಅಂಗೈಯಗಲದ ಚಪ್ಪಟೆ ಬಂಡೆಯೊಂದನ್ನು ಒಂದು ಕಡೆ ತುಸು ಎತ್ತಿ ಇಟ್ಟು, ಅದರಡಿ ಬೆರಳಿನಿಂದ ಒಂದು ಗುಳಿ ತೋಡಿಡಿ. ಮರಳಿನ ಮೇಲಿಡುವ ಬಂಡೆ ಇದೊಂದೇ ಆದ್ದರಿಂದ ಇದು ಅರ್ಧ ಕೆ.ಜಿ.ಯೂ ಮೀರದಿರಲಿ. ದೀಪಗಳನ್ನು ಆರಿಸಿ, ಒಂದೂವರೆ ಅಂಗುಲದ ಪಿವಿಸಿ ಪೈಪಿನ ತುದಿಯನ್ನು ಆ ಗುಳಿಗೆ ಆನಿಸಿ, ಮೇಲಿನಿಂದ ಸಿಗಡಿಯನ್ನು ಪೈಪಿನೊಳಕ್ಕೆ ಜಾರಿಸಿ. ಅದು ನೆಟ್ಟಗೆ ಗುಳಿಗೆ ಇಳಿದು ಅಲ್ಲಿಂದಲೇ ಅಗೆಯಲು ತೊಡಗುತ್ತದೆ. ಗೋಬಿಯನ್ನೂ ಅದೇ ದಿನ ಅದೇ ಪೈಪಿನಿಂದ ಇಳಿಸುವುದು ನನ್ನ ರೂಢಿ. ಕೆಲವು ಜೋಡಿಗಳು ಗಂಟೆಯೊಳಗೆ ಕೂಡುತ್ತವೆ, ಕೆಲವಕ್ಕೆ ಮೂರು ವಾರ ಬೇಕಾಗುತ್ತದೆ. ನಡುವೆ ಕೈ ಹಾಕಬೇಡಿ.

ಕೂಡಿದ ಮೇಲೆ ನೋಡಬೇಕು. ಸಿಗಡಿಗೆ ಕಣ್ಣು ಮಂದ. ಚಿಮುಟಗಳೆರಡನ್ನೂ ಸಲಿಕೆಯಂತೆ ಜೋಡಿಸಿ, ಮರಳನ್ನು ಮುಂದೆ ತಳ್ಳುತ್ತ ಬಿಲದಿಂದ ಹೊರಬರುವಾಗ ಅದರ ಉದ್ದನೆಯ ಮೀಸೆಯೊಂದು ಸದಾ ಗೋಬಿಯ ಬಾಲದ ಮೇಲಿರುತ್ತದೆ. ಗೋಬಿ ಬಾಗಿಲಲ್ಲಿ ಕುಳಿತು ಸುತ್ತ ನೋಡುತ್ತಿರುತ್ತದೆ. ನಾನು ಬೆರಳನ್ನು ಗಾಜಿನ ಹತ್ತಿರ ತಂದರೆ ಮೊದಲು ಬಾಲ ಸಣ್ಣಗೆ ಅದುರುತ್ತದೆ, ಆ ಕ್ಷಣಕ್ಕೇ ಸಿಗಡಿ ಹೊತ್ತ ಚೂರನ್ನು ಅಲ್ಲೇ ಬಿಟ್ಟು ಹಿಂದಕ್ಕೆ ಸರಿಯುತ್ತದೆ. ಇನ್ನೂ ಹತ್ತಿರ ತಂದರೆ ಗೋಬಿ ತಲೆಕೆಳಗಾಗಿ ಬಿಲಕ್ಕೆ ಧುಮುಕುತ್ತದೆ. ಎರಡು ನಿಮಿಷ ಕಳೆದು ಮೊದಲು ಹೊರಬರುವುದು ಗೋಬಿಯ ಮೂತಿ, ಅದರ ಹಿಂದೆ ಮೀಸೆ.

ತೊಟ್ಟಿಯಲ್ಲಿ ಉಳಿದವರು ಯಾರಿರಬೇಕೆಂದರೆ, ಕ್ಲೌನ್‌ಫಿಶ್ ಜೋಡಿಯೊಂದು ಮತ್ತು ನಾಲ್ಕಾರು ಬಸವನಹುಳುಗಳು ಸಾಕು. ಹಾಕ್‌ಫಿಶ್, ಟ್ರಿಗರ್, ಲಯನ್‌ಫಿಶ್, ದೊಡ್ಡ ರಾಸ್ ಮೀನುಗಳು ಸಿಗಡಿಯನ್ನು ತಿನ್ನುತ್ತವೆ. ಚಿಕ್ಕ ಜಾತಿಯ ಅಲಂಕಾರಿಕ ಸಿಗಡಿಗಳನ್ನು ಪಿಸ್ಟಲ್ ಸಿಗಡಿಯೇ ಹೊಡೆದು ತಿನ್ನಬಹುದು. ಗಂಡು ಹೆಣ್ಣು ಜೋಡಿಯೆಂದು ಖಚಿತವಿಲ್ಲದೆ ಎರಡು ಪಿಸ್ಟಲ್ ಸಿಗಡಿಗಳನ್ನು ಒಟ್ಟಿಗೆ ಬಿಡಬಾರದು.

ಉಣಿಸುವುದು

ಹಸಿವಿನಿಂದ ಸಾಯುವ ಪಿಸ್ಟಲ್ ಸಿಗಡಿಗಳು ತುಂಬಿದ ತೊಟ್ಟಿಯಲ್ಲೇ ಸಾಯುತ್ತವೆ. ಮೇಲಿನಿಂದ ಉದುರಿಸಿದ ಆಹಾರವನ್ನು ಕ್ಲೌನ್‌ಫಿಶ್‌ಗಳು ನಡುದಾರಿಯಲ್ಲೇ ಮುಗಿಸಿಬಿಡುತ್ತವೆ, ಬಿಲದ ಬಾಯಿಗೆ ಏನೂ ತಲುಪುವುದಿಲ್ಲ. ಒಡೆಯನು ದಿನಕ್ಕೆರಡು ಸಲ ಉಣಿಸಿದೆನೆಂದು ನಂಬಿರುತ್ತಾನೆ.

ನಾನು ಅನುಸರಿಸುವ ರೀತಿ ಹೀಗಿದೆ. ಶೈತ್ಯೀಕರಿಸಿದ ಮೈಸಿಸ್ ಸಿಗಡಿಯ ಅರ್ಧ ಗಟ್ಟಿಯನ್ನು ತೊಟ್ಟಿಯದೇ ನೀರಿರುವ ಬಟ್ಟಲಿನಲ್ಲಿ ಕರಗಿಸಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಕರಗಿದ ನೀರನ್ನು ಚೆಲ್ಲಬೇಕು. ಆ ನೀರಿನಲ್ಲಿ ಫಾಸ್ಫೇಟ್ ಇರುತ್ತದೆ. ಹರಿವಿನ ಪಂಪುಗಳನ್ನು ಹತ್ತು ನಿಮಿಷ ನಿಲ್ಲಿಸಿ, ಮೊದಲು ತೊಟ್ಟಿಯ ಇನ್ನೊಂದು ತುದಿಯಲ್ಲಿ ಸ್ವಲ್ಪ ಆಹಾರ ಹಾಕಿದರೆ ಕ್ಲೌನ್‌ಫಿಶ್‌ಗಳು ಅಲ್ಲಿ ಸೇರುತ್ತವೆ. ಆಗ ಉದ್ದನೆಯ ಪಿಪೆಟ್ಟಿನಿಂದ ಐದಾರು ಮೈಸಿಸ್‌ಗಳನ್ನು ಬಿಲದ ಬಾಯಿಂದ ಎರಡಂಗುಲ ದೂರದಲ್ಲಿ, ಮರಳು ಕೆದರದಂತೆ ಮೆಲ್ಲಗೆ ಬಿಡಿ. ಗೋಬಿ ತನ್ನ ಪಾಲನ್ನು ಗಬಕ್ಕನೆ ನುಂಗುತ್ತದೆ, ಬಾಗಿಲಿಗೆ ಬಿದ್ದದ್ದನ್ನು ಸಿಗಡಿ ಸಣ್ಣ ಚಿಮುಟದಿಂದ ಹಿಡಿದು ಒಳಗೆ ಒಯ್ಯುತ್ತದೆ. ಗೋಬಿಗೆ ದಿನವೂ ಸ್ವಲ್ಪ ಬೇಕು, ಸಿಗಡಿಗೆ ವಾರದಲ್ಲಿ ಮೂರು ನಾಲ್ಕು ಸಲ ಸಾಕು.

ಮೈಸಿಸ್ ಸಿಗದ ಊರುಗಳಲ್ಲಿ ಮೀನು ಮಾರುಕಟ್ಟೆಯ ಹಸಿ ಸಿಗಡಿ ಒಳ್ಳೆಯ ಬದಲಿ. ಸಿಪ್ಪೆ ಸುಲಿದು, ಬೆನ್ನಿನ ಕರುಳು ತೆಗೆದು, ತೊಳೆದು, ಅಕ್ಕಿಕಾಳಿನ ಗಾತ್ರಕ್ಕೆ ಹೆಚ್ಚಿ, ತೆಳುವಾಗಿ ಹರಡಿ ಫ್ರೀಜರಿನಲ್ಲಿ ಒಂದು ವಾರವಾದರೂ ಇಟ್ಟು ಬಳಸಿ. ಹಾಗೆ ಇಡುವುದರಿಂದ ಪರೋಪಜೀವಿಗಳ ಭಯ ಕಡಿಮೆಯಾಗುತ್ತದೆ. ಸೂಪರ್ ಮಾರ್ಕೆಟಿನ ಪೊಟ್ಟಣದ ಸಿಗಡಿಯಾದರೆ ಉಪ್ಪು, ಮಸಾಲೆ, ಕೆಡದಂತೆ ಹಾಕಿದ ಪದಾರ್ಥಗಳು ಇಲ್ಲದ್ದನ್ನೇ ಆರಿಸಿ. ಕೋಳಿ, ಕುರಿ ಮಾಂಸ ಬೇಡ. ವಾರಕ್ಕೊಮ್ಮೆ ಮುಳುಗುವ ಪೆಲೆಟ್ ಎರಡು ಕಾಳು, ಇನ್ನೊಮ್ಮೆ ಉಗುರಿನಗಲದ ಒಣ ನೋರಿ ಪಾಚಿಯ ತುಣುಕು ಕೊಟ್ಟರೆ ಊಟಕ್ಕೆ ವೈವಿಧ್ಯ ಬರುತ್ತದೆ. ಬಾಗಿಲ ಬಳಿ ಮರುದಿನವೂ ಆಹಾರ ಬಿದ್ದಿದ್ದರೆ ಕೊಟ್ಟದ್ದು ಹೆಚ್ಚಾಯಿತೆಂದೇ ಅರ್ಥ, ಅದನ್ನು ಪಿಪೆಟ್ಟಿನಿಂದ ಹೀರಿ ತೆಗೆಯಿರಿ.

ಪೊರೆ ಕಳಚುವ ದಿನಗಳು

ಸಿಗಡಿ ಬೆಳೆಯುವುದು ಪೊರೆ ಬಿಟ್ಟು. ಕೆಲವು ವಾರಗಳಿಗೊಮ್ಮೆ ಅದು ಊಟ ಬಿಟ್ಟು ಎರಡು ಮೂರು ದಿನ ಒಳಗೇ ಉಳಿಯುತ್ತದೆ, ಗೋಬಿ ಒಂಟಿಯಾಗಿ ಬಾಗಿಲು ಕಾಯುತ್ತದೆ. ಆಮೇಲೊಂದು ಬೆಳಿಗ್ಗೆ ಬಿಲದ ಹೊರಗೆ ಸಿಗಡಿಯೇ ಸತ್ತು ಬಿದ್ದಂತೆ ಕಾಣುತ್ತದೆ. ಹೆದರಬೇಡಿ. ಹತ್ತಿರದಿಂದ ನೋಡಿದರೆ ಅದು ಗಾಜಿನಂತೆ ಪಾರದರ್ಶಕವಾಗಿರುತ್ತದೆ, ಒಳಗೆ ಟೊಳ್ಳು, ಬೆನ್ನಿನ ಬಳಿ ಒಡೆದಿರುತ್ತದೆ, ನೀರು ಅಲುಗಿದರೆ ತೂರಾಡುತ್ತದೆ. ಸತ್ತ ಸಿಗಡಿಯಾದರೆ ಮೈ ತುಂಬಿದ್ದು, ಮಬ್ಬು ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಪೊರೆಯನ್ನು ತೆಗೆಯದೆ ಒಂದೆರಡು ದಿನ ಬಿಡಿ, ಅದನ್ನೇ ತಿಂದು ಸಿಗಡಿ ಕ್ಯಾಲ್ಸಿಯಂ ಮರಳಿ ಪಡೆಯಬಹುದು. ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿ.ಗ್ರಾಂ., ಮೆಗ್ನೀಸಿಯಂ 1250ರಿಂದ 1350 ಇದ್ದರೆ ಹೊಸ ಚಿಪ್ಪು ಸರಿಯಾಗಿ ಗಟ್ಟಿಯಾಗುತ್ತದೆ. ಪೊರೆ ಬಿಡಲು ಅಯೋಡಿನ್ ಹಾಕಬೇಕೆಂದು ಹಲವರು ಹೇಳುತ್ತಾರೆ. ವಾರಕ್ಕೆ ಹತ್ತು ಹನ್ನೆರಡು ಲೀಟರ್ ನೀರು ಬದಲಿಸುವ ತೊಟ್ಟಿಗೆ ಅದು ಬೇಡವೆಂಬುದು ನನ್ನ ಅಭಿಪ್ರಾಯ, ಅಳೆಯದೆ ಹಾಕಿದರೆ ಕೆಡುಕೇ ಹೆಚ್ಚು.

ಜಗಳದಲ್ಲೋ ಪೊರೆ ಬಿಡುವಾಗಲೋ ದೊಡ್ಡ ಚಿಮುಟ ಉದುರಿದರೂ ಸಿಗಡಿ ಸಾಯುವುದಿಲ್ಲ. ಮುಂದಿನ ಪೊರೆಗಳಲ್ಲಿ ಉಳಿದ ಸಣ್ಣ ಚಿಮುಟವೇ ಬೆಳೆದು ಸದ್ದಿನ ಚಿಮುಟವಾಗುತ್ತದೆ, ಕಳೆದುಕೊಂಡ ಕಡೆ ಸಣ್ಣದೊಂದು ಮೂಡುತ್ತದೆ. ಎಡಗೈಯ ಸಿಗಡಿ ಬಲಗೈಯದಾಗುವುದನ್ನು ಮನೆಯಲ್ಲೇ ನೋಡಬಹುದು.

ನಿಜವಾಗಿ ಕೊಲ್ಲುವ ವಸ್ತುಗಳು ಎರಡು. ಮೊದಲನೆಯದು ತಾಮ್ರ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಕೊಡುವ ಹಲವು ಔಷಧಗಳಲ್ಲಿ ತಾಮ್ರವಿರುತ್ತದೆ. ಅದು ಮೀನನ್ನು ಉಳಿಸುವ ಪ್ರಮಾಣದಲ್ಲೇ ಸಿಗಡಿಯನ್ನು ಕೊಲ್ಲುತ್ತದೆ, ಮತ್ತು ಬಂಡೆ ಮರಳುಗಳಲ್ಲಿ ಉಳಿದುಕೊಂಡು ಮುಂದೆಯೂ ಕಾಡುತ್ತದೆ. ರೋಗ ಬಂದ ಮೀನನ್ನು ಬೇರೆ ತೊಟ್ಟಿಗೆ ಸಾಗಿಸಿ ಚಿಕಿತ್ಸೆ ಮಾಡಿ. ಎರಡನೆಯದು ನಮ್ಮ ಮನೆಗಳಲ್ಲಿ ದಿನವೂ ಉರಿಯುವ ಸೊಳ್ಳೆ ಬತ್ತಿ, ಗೋಡೆಗೆ ಸಿಕ್ಕಿಸುವ ಸೊಳ್ಳೆ ದ್ರಾವಣ ಮತ್ತು ಜಿರಲೆ ಸ್ಪ್ರೇ. ಕೀಟಗಳನ್ನು ಕೊಲ್ಲಲು ಇವುಗಳಲ್ಲಿ ಬಳಸುವ ಪೈರೆಥ್ರಾಯ್ಡ್ ರಾಸಾಯನಿಕಗಳು ಕೀಟಗಳ ಬಂಧುಗಳಾದ ಸಿಗಡಿ ಏಡಿಗಳಿಗೂ ವಿಷ, ಏರ್ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ತೊಟ್ಟಿಯಿರುವ ಕೋಣೆಗೆ ಕಿಟಕಿ ಜಾಲರಿ ಹಾಕಿಸಿ, ಬತ್ತಿಯನ್ನು ಪೂರ್ತಿ ನಿಲ್ಲಿಸಿಬಿಡಿ.

ಹಬ್ಬಕ್ಕೋ ಮದುವೆಗೋ ವಾರದ ಮಟ್ಟಿಗೆ ಊರಿಗೆ ಹೋಗುವುದಿದ್ದರೆ ಊಟದ ಚಿಂತೆ ಬೇಡ, ಚೆನ್ನಾಗಿ ಉಂಡ ಸಿಗಡಿ ಮತ್ತು ಗೋಬಿ ಅಷ್ಟು ದಿನ ತಡೆಯುತ್ತವೆ. ಕೀಲಿಕೈ ಪಡೆದ ನೆರೆಯವರಿಗೆ ಉಣಿಸುವ ಕೆಲಸ ಒಪ್ಪಿಸದೆ, ನೀರು ತುಂಬುವ ಕೆಲಸವನ್ನಷ್ಟೇ ಒಪ್ಪಿಸಿ. ಗಾಜಿನ ಮೇಲೆ ಮಾರ್ಕರಿನಿಂದ ನೀರಿನ ಮಟ್ಟದ ಗೆರೆ ಎಳೆದು, ಪಕ್ಕದಲ್ಲಿ ಆರ್‌ಓ ನೀರಿನ ಕ್ಯಾನು ಇಟ್ಟು, ಗೆರೆಯವರೆಗೆ ಮಾತ್ರ ಸುರಿಯಬೇಕೆಂದು ಒಂದು ಸಲ ಎದುರಿಗೇ ಮಾಡಿ ತೋರಿಸಿ. ರಾತ್ರಿ ಚಿಟಿಕೆಯ ಸದ್ದು ಕೇಳಿದರೆ ಗಾಬರಿಯಾಗಬೇಡಿ ಎಂಬುದನ್ನೂ ಹೇಳಿ ಹೋಗಿ.